ಸುಂಟರಗಾಳಿಗೆ ಸೇಫ್ ರೂಮ್: ನೆಲದ ಮೇಲೋ, ನೆಲದ ಕೆಳಗೋ?

ಪ್ರಶ್ನೆ: ಒಕ್ಲಹೋಮ ಸಿಟಿಯ ದಕ್ಷಿಣ ಭಾಗದಲ್ಲಿ ಕಳೆದ ವರ್ಷ ಮನೆ ತೆಗೆದುಕೊಂಡೆವು. ಒಂದೇ ಅಂತಸ್ತು, ಬೇಸ್‌ಮೆಂಟ್ ಇಲ್ಲ, ಎರಡು ಕಾರಿನ ಗ್ಯಾರೇಜ್ ಇದೆ. ನಾವಿಬ್ಬರು ಮತ್ತು ಏಳು ವರ್ಷದ ಮಗಳು. ಮೇ ತಿಂಗಳಲ್ಲಿ ನನಗೆ ಎರಡನೇ ಹೆರಿಗೆ, ಬಾಣಂತನಕ್ಕೆ ದಾವಣಗೆರೆಯಿಂದ ಅಮ್ಮ ಏಪ್ರಿಲ್‌ಗೇ ಬರುತ್ತಾರೆ. ಅವರಿಗೆ ಮಂಡಿನೋವು, ಮೆಟ್ಟಿಲು ಇಳಿಯುವುದೇ ಕಷ್ಟ. ಮನೆ ಕೊಡಿಸಿದ ಏಜೆಂಟ್ "ಮಧ್ಯದ ಬಾತ್‌ರೂಮಿನಲ್ಲಿ ಕೂತರೆ ಸಾಕು" ಎನ್ನುತ್ತಾರೆ. ಸೇಫ್ ರೂಮ್ ಮಾರುವವರೊಬ್ಬರು "ಇಎಫ್5, ಅಂದರೆ ಅತಿ ಬಲದ ಸುಂಟರಗಾಳಿ, ಬಂದರೆ ನೆಲದ ಕೆಳಗಿರುವುದು ಮಾತ್ರ ಉಳಿಯುತ್ತದೆ, ಗ್ಯಾರೇಜಿನ ನೆಲ ಕೊರೆದು ಹಾಕಿಕೊಡುತ್ತೇವೆ" ಎನ್ನುತ್ತಾರೆ. ಯಾರ ಮಾತು ಕೇಳಬೇಕು? ಎಷ್ಟು ದೊಡ್ಡದು ಬೇಕು, ಖರ್ಚೆಷ್ಟು, ಹಾಕುವವರನ್ನು ಏನೇನು ಕೇಳಬೇಕು?

ಉತ್ತರ: ಇಬ್ಬರ ಮಾತೂ ಬೇಡ. ನಿಮ್ಮ ಮನೆಗೆ ನೆಲದ ಮೇಲೆ ಕೂರಿಸುವ, ಪರೀಕ್ಷೆಯಲ್ಲಿ ಪಾಸಾದ ಉಕ್ಕಿನ ಸೇಫ್ ರೂಮ್ ಸರಿ. ಸಾಧ್ಯವಾದರೆ ಮಲಗುವ ಕೋಣೆಗೆ ಹೊಂದಿಕೊಂಡ, ಬಟ್ಟೆಬರೆ ಇಡುವ ದೊಡ್ಡ ಕ್ಲಾಸೆಟ್‌ನೊಳಗೆ, ಇಲ್ಲವಾದರೆ ಗ್ಯಾರೇಜಿನಲ್ಲಿ, ಮನೆಯೊಳಗಿಂದ ಬರುವ ಬಾಗಿಲಿಗೆ ಅಂಟಿಕೊಂಡ ಮೂಲೆಯಲ್ಲಿ ಹಾಕಿಸಿ. ನಿಮಗೆ ಈ ಸಲಹೆ ಕೊಡಲು ಮುಖ್ಯ ಕಾರಣ ನಿಮ್ಮ ಅಮ್ಮನ ಮಂಡಿ. ಎಚ್ಚರಿಕೆ ಹೊರಬಿದ್ದ ಮೇಲೆ ಗಾಳಿ ಬಂದು ಬಡಿಯುವುದರೊಳಗೆ ಸರಾಸರಿ ಹತ್ತು ನಿಮಿಷದ ಆಚೀಚೆ ಸಿಗುತ್ತದೆ, ಕೆಲವು ಸಲ ಅದೂ ಸಿಗುವುದಿಲ್ಲ. ಆ ಹೊತ್ತಿನಲ್ಲಿ ಮನೆಯ ಕಟ್ಟಕಡೆಯ ವ್ಯಕ್ತಿ ಒಳಗೆ ಬಂದು ಅಗುಳಿ ಬಿದ್ದ ಮೇಲೆಯೇ ಅದು ಸೇಫ್ ರೂಮ್. ಹಾಗಾಗಿ ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಕಾಲಿಗೆ ತಕ್ಕಂತೆ ಇದನ್ನು ಆರಿಸಬೇಕು. ಮೇ ತಿಂಗಳಲ್ಲಿ ತುಂಬು ಬಸುರಿಯಾಗಿಯೋ ಹಸಿ ಬಾಣಂತಿಯಾಗಿಯೋ ನೀವೂ ಆ ಲೆಕ್ಕಕ್ಕೆ ಸೇರುತ್ತೀರಿ.

ಏಜೆಂಟ್ ಹೇಳಿದ ಬಾತ್‌ರೂಮ್ ವಿಷಯದಲ್ಲಿ ಅರ್ಧ ಸತ್ಯವಿದೆ. ಬೇರೇನೂ ಇಲ್ಲದ ಮನೆಯಲ್ಲಿ ಕಿಟಕಿಯಿಲ್ಲದ, ಮನೆಯ ನಡುವಿನ ಸಣ್ಣ ಕೋಣೆಯೇ ಗತಿ, ಸುಂಟರಗಾಳಿಗಳಲ್ಲಿ ಹೆಚ್ಚಿನವು ದುರ್ಬಲವಾದ್ದರಿಂದ ಅಷ್ಟರಲ್ಲೇ ಜೀವ ಉಳಿಯುತ್ತದೆ. ಆದರೆ ನೀವಿರುವ ಜಾಗ ಯಾವುದು ನೋಡಿ. ಪಕ್ಕದ ಮೂರ್ ಪಟ್ಟಣವನ್ನು 1999ರ ಮೇ 3ರಂದು ಹೊಡೆದ ಸುಂಟರಗಾಳಿಯಲ್ಲಿ, ನೆಲದಿಂದ ಸ್ವಲ್ಪ ಮೇಲೆ, ರೇಡಾರ್ ಅಳೆದ ವೇಗ ಗಂಟೆಗೆ 300 ಮೈಲಿಯ ಆಸುಪಾಸು. ಅದೇ ಪಟ್ಟಣಕ್ಕೆ 2013ರ ಮೇ 20ರಂದು ಇಎಫ್5 ಬಂತು, 24 ಜನ ಸತ್ತರು. ಅವರಲ್ಲಿ 7 ಮಕ್ಕಳು ಪ್ಲಾಜಾ ಟವರ್ಸ್ ಶಾಲೆಯಲ್ಲಿದ್ದವರು, ಆ ಶಾಲೆಯಲ್ಲಿ ಸೇಫ್ ರೂಮ್ ಇರಲಿಲ್ಲ. ಗಟ್ಟಿ ಗೋಡೆಯಂತೆ ಕಾಣುವುದಕ್ಕೂ ಇಂಥ ಗಾಳಿಗೆ ಲೆಕ್ಕ ಹಾಕಿ ಕಟ್ಟಿದ ಗೋಡೆಗೂ ಇರುವ ಅಂತರ ಅಲ್ಲಿ ಎಲ್ಲರಿಗೂ ಗೊತ್ತಾಯಿತು. ಮಗಳ ಶಾಲೆಯಲ್ಲಿ ಸೇಫ್ ರೂಮ್ ಇದೆಯೇ, ಎಲ್ಲಿದೆ ಎಂದು ಈ ವಾರವೇ ಕೇಳಿ. ಮೂರ್‌ನಲ್ಲಿ ಆ ಶಾಲೆಯನ್ನು ಮತ್ತೆ ಕಟ್ಟುವಾಗ ಅದನ್ನೂ ಸೇರಿಸಿಯೇ ಕಟ್ಟಿದರು.

ಅಂತರ ಎಷ್ಟು ಎಂಬುದನ್ನು ಲೆಕ್ಕದಲ್ಲಿ ನೋಡೋಣ. ನಿಮ್ಮ ಕಡೆಯ ಸಾಧಾರಣ ಮನೆಗಳಿಗೆ ಲೆಕ್ಕ ಹಿಡಿಯುವ ಗಾಳಿ ಗಂಟೆಗೆ ಸುಮಾರು 115 ಮೈಲಿ. ಒಕ್ಲಹೋಮದಲ್ಲಿ ಸೇಫ್ ರೂಮಿಗೆ ಹಿಡಿಯುವುದು 250 ಮೈಲಿ, ಅಂದರೆ 400 ಕಿಲೋಮೀಟರ್. ವೇಗ ಎರಡರಷ್ಟಕ್ಕಿಂತ ತುಸು ಹೆಚ್ಚು ಅಷ್ಟೇ, ಆದರೆ ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 115ಕ್ಕೆ ಚದರಡಿಗೆ ಸುಮಾರು 34 ಪೌಂಡ್ ಇದ್ದದ್ದು 250ಕ್ಕೆ 160 ಪೌಂಡ್ ಆಗುತ್ತದೆ. ಮೂರಡಿ ಅಗಲ, ಏಳಡಿ ಎತ್ತರದ ಬಾಗಿಲಿನ ಮೇಲೆ ಅದು ಒಂದೂವರೆ ಟನ್ನಿಗೂ ಮಿಕ್ಕಿದ ಭಾರ. ಇದು ಬರೀ ಗಾಳಿಯ ಮಾತು. ಮನೆಗಳು ಒಡೆದು ಹಾರಿಬರುವ ಮರದ ತೊಲೆ, ಇಟ್ಟಿಗೆ, ತಗಡು ಬೇರೆ.

ಹಾರಿಬರುವ ವಸ್ತುಗಳಿಗೆಂದೇ ಒಂದು ಪರೀಕ್ಷೆ ಇದೆ. ಟೆಕ್ಸಾಸ್‌ನ ಲಬಕ್ ಊರಿಗೆ 1970ರ ಮೇ 11ರಂದು ಸುಂಟರಗಾಳಿ ಹೊಡೆದು 26 ಜನ ಸತ್ತರು. ಅಲ್ಲೇ ಇರುವ ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದ ಎಂಜಿನಿಯರುಗಳು ಹಾಳಾದ ಬೀದಿಗಳಲ್ಲಿ ಓಡಾಡಿ, ಏನು ಬಿತ್ತು, ಏನು ಉಳಿಯಿತು ಎಂದು ಬರೆದುಕೊಳ್ಳತೊಡಗಿದರು. ಭಾರತ ಮೂಲದ ಕಿಶೋರ್ ಮೆಹ್ತಾ ಈ ಕೆಲಸದಲ್ಲಿದ್ದವರು, ಸುಂಟರಗಾಳಿಯ ಬಲ ಅಳೆಯಲು ಇಂದು ಬಳಕೆಯಲ್ಲಿರುವ ಇಎಫ್ ಮಾಪಕವನ್ನು ರೂಪಿಸಿದವರಲ್ಲಿಯೂ ಅವರು ಮುಖ್ಯರು. ಮನೆ ಪೂರ್ತಿ ಬಿದ್ದರೂ ನಡುವಿನ ಒಂದು ಸಣ್ಣ ಕೋಣೆ ನಿಂತಿರುವುದು ಅವರಿಗೆ ಮತ್ತೆ ಮತ್ತೆ ಕಂಡಿತು. ಆ ಒಂದು ಕೋಣೆಯನ್ನೇ ಬೇಕೆಂದು ಗಟ್ಟಿಯಾಗಿ ಕಟ್ಟಿದರೆ ಹೇಗೆ ಎಂಬ ವಿಚಾರವನ್ನು ಎರ್ನ್‌ಸ್ಟ್ ಕೀಸ್ಲಿಂಗ್ 1974ರಲ್ಲಿ ಮುಂದಿಟ್ಟರು. 1998ರಲ್ಲಿ ಒಕ್ಕೂಟ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ ಫೀಮಾ ಅದನ್ನು ನಕ್ಷೆಗಳ ಸಮೇತ ಪಿ-320 ಎಂಬ ಪುಸ್ತಿಕೆಯಾಗಿ ತಂದಿತು, ಈಗ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಪರೀಕ್ಷೆ ಇಷ್ಟು: 15 ಪೌಂಡ್ ತೂಕದ, ಎರಡಿಂಚು ದಪ್ಪ, ನಾಲ್ಕಿಂಚು ಅಗಲದ ಮರದ ತೊಲೆಯನ್ನು ಗಾಳಿ ತೋಪಿನಿಂದ ಗಂಟೆಗೆ 100 ಮೈಲಿ ವೇಗದಲ್ಲಿ ಗೋಡೆಗೂ ಬಾಗಿಲಿಗೂ, 67 ಮೈಲಿ ವೇಗದಲ್ಲಿ ಚಾವಣಿಗೂ ಹೊಡೆಯುತ್ತಾರೆ. ಅದು ಒಳಕ್ಕೆ ತೂರಬಾರದು. ಮನೆಯ ಮಾಮೂಲು ಗೋಡೆಗೆ ಹೊಡೆದಾಗ ತೊಲೆ ಬಿಸ್ಕತ್ತು ಚುಚ್ಚಿದ ಹಾಗೆ ಆಚೆ ಬರುತ್ತದೆ.

ಈಗ ಮಾರಾಟಗಾರರ ಮಾತಿಗೆ ಬರೋಣ. ನೆಲದಡಿಯ ಕೋಣೆಗೆ ಗಾಳಿ ನೇರವಾಗಿ ತಾಗುವುದಿಲ್ಲ ಎಂಬುದು ನಿಜ, ಮುಚ್ಚಳ ಒಂದು ಗಟ್ಟಿಯಿದ್ದರೆ ಆಯಿತು. ಆದರೆ "ಅದು ಮಾತ್ರ ಉಳಿಯುತ್ತದೆ" ಎಂಬುದು ಸುಳ್ಳು. ಫೀಮಾ ಪುಸ್ತಿಕೆ ಮತ್ತು ಐಸಿಸಿ 500 ಎಂಬ ಕಟ್ಟಡ ಮಾನದಂಡ ಎರಡೂ ನೆಲದ ಮೇಲಿನದಕ್ಕೂ ಕೆಳಗಿನದಕ್ಕೂ ಒಂದೇ ಮಟ್ಟದ ರಕ್ಷಣೆ ಕೇಳುತ್ತವೆ. 2013ರಲ್ಲಿ ಮೂರ್‌ನಲ್ಲಿ ಮನೆಗಳು ಬುಡಸಮೇತ ಹೋದ ಬೀದಿಗಳಲ್ಲಿ ನೆಲದ ಮೇಲಿನ ಸೇಫ್ ರೂಮ್‌ಗಳು ನಿಂತಿದ್ದವು. ಇನ್ನು ಗ್ಯಾರೇಜಿನ ನೆಲ ಕೊರೆದು ಇಳಿಸುವ ಪೆಟ್ಟಿಗೆಯ ತೊಂದರೆಗಳನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮೆಟ್ಟಿಲು ಏಣಿಯಷ್ಟು ಕಡಿದಾಗಿರುತ್ತದೆ. ಮೇಲೆ ಕಾರು ನಿಂತಿದ್ದರೆ ಅದರಡಿ ಬಗ್ಗಿ ನುಸುಳಬೇಕು. ರಾತ್ರಿ ಎರಡು ಗಂಟೆಗೆ, ಕರೆಂಟು ಹೋದ ಕತ್ತಲಲ್ಲಿ, ಮಂಡಿ ಮಡಚಲಾಗದ ಅಮ್ಮ ಮತ್ತು ಕೈಯಲ್ಲಿ ಹಸುಗೂಸು ಇರುವ ನೀವು ಅದನ್ನು ಮಾಡುವುದು ನನಗೆ ಊಹಿಸಲೂ ಆಗುವುದಿಲ್ಲ. ಕಾರಿನ ಎಣ್ಣೆ, ಪೆಟ್ರೋಲಿನ ಆವಿ ತಗ್ಗಿಗೆ ಇಳಿಯುವುದು ಇನ್ನೊಂದು ಭಯ.

ಮಣ್ಣು, ನೀರಿನ ವಿಷಯವೂ ಇದೆ. ದಾವಣಗೆರೆ ಕಡೆಯ ಎರೆಹೊಲ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟು ಮಳೆಗೆ ಉಬ್ಬುವುದನ್ನು ನೀವು ನೋಡಿರುತ್ತೀರಿ. ಮಧ್ಯ ಒಕ್ಲಹೋಮದ ಜೇಡಿಯ ಬಣ್ಣ ಕೆಂಪು, ಗುಣ ಹಲವು ಕಡೆ ಅದರದೇ. ಈ ಭಾಗದಲ್ಲಿ ಬೇಸ್‌ಮೆಂಟ್ ಅಪರೂಪವಾಗಿರುವುದಕ್ಕೆ ಅದೂ ಒಂದು ಕಾರಣ. ಅಂಥ ಮಣ್ಣಿನಲ್ಲಿ ಹೂತ ಖಾಲಿ ಉಕ್ಕಿನ ಪೆಟ್ಟಿಗೆಯ ಸುತ್ತ ನೀರು ತುಂಬಿದರೆ ಅದು ದೋಣಿಯಾಗುತ್ತದೆ, ಸರಿಯಾಗಿ ಬಿಗಿಯದಿದ್ದರೆ ಮೇಲಕ್ಕೆ ಎದ್ದುಬಿಡುತ್ತದೆ. ಸುಂಟರಗಾಳಿಯ ಜೊತೆಗೆ ಸುರಿಯುವ ಮಳೆಯೂ ಸಣ್ಣದಲ್ಲ. 2013ರ ಮೇ 31ರಂದು ಹತ್ತಿರದ ಎಲ್ ರೀನೊ ಊರಿನ ಬಳಿ ಸುಂಟರಗಾಳಿ ಬಂದ ರಾತ್ರಿ, ಗಾಳಿಗೆ ಹೆದರಿ ಚರಂಡಿ ಕೊಳವೆಗಳೊಳಗೆ ಅಡಗಿದವರು ಪ್ರವಾಹದಲ್ಲಿ ಕೊಚ್ಚಿಹೋದರು. ನಿಮ್ಮ ಜಾಗ ಪ್ರವಾಹ ವಲಯದಲ್ಲಿದೆಯೇ ಎಂದು ಫೀಮಾ ನಕ್ಷೆಯಲ್ಲಿ ವಿಳಾಸ ಹಾಕಿ ನೋಡಿ, ಇದ್ದರೆ ನೆಲದಡಿಯದನ್ನು ಯೋಚಿಸಲೇಬೇಡಿ.

ನೆಲದ ಮೇಲಿನದು ಅಂದಾಗ ಇಡೀ ಮಾತು ನಿಂತಿರುವುದು ಅದನ್ನು ಕಚ್ಚಿಹಿಡಿಯುವ ಕಾಂಕ್ರೀಟ್ ಸ್ಲ್ಯಾಬಿನ, ಅಂದರೆ ಮನೆಯ ನೆಲದ ಹಾಸಿನ, ಮೇಲೆ. ಕೊಳ್ಳುವವರು ಉಕ್ಕಿನ ದಪ್ಪ ಕೇಳುತ್ತಾರೆ, ಬಣ್ಣ ಕೇಳುತ್ತಾರೆ, ಸ್ಲ್ಯಾಬಿನ ಬಗ್ಗೆ ಕೇಳುವವರು ಕಡಿಮೆ. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಅದೇ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಎಂಟಡಿ ಉದ್ದ, ಎಂಟಡಿ ಅಗಲದ ಒಂದು ಕೋಣೆಯನ್ನು ತೆಗೆದುಕೊಳ್ಳಿ. ಚಾವಣಿ 64 ಚದರಡಿ. ಮೇಲೆ ಹೇಳಿದ ಒತ್ತಡದಲ್ಲಿ ಗಾಳಿ ಅದನ್ನು ಮೇಲಕ್ಕೆಳೆಯುವ ಬಲ ಸುಮಾರು 10,000 ಪೌಂಡ್, ಪಕ್ಕದಿಂದ ನೂಕುವುದು ಬೇರೆ. ನಾಲ್ಕಿಂಚು ದಪ್ಪದ ಕಾಂಕ್ರೀಟು ಚದರಡಿಗೆ 50 ಪೌಂಡ್ ತೂಗುತ್ತದೆ. ಕೋಣೆಯ ಸ್ವಂತ ತೂಕವನ್ನು ಪಕ್ಕಕ್ಕಿಟ್ಟರೆ, ಆ ಸೆಳೆತವನ್ನು ತಡೆಯಲು 200 ಚದರಡಿ ಸ್ಲ್ಯಾಬು ಒಟ್ಟಾಗಿ ನಿಲ್ಲಬೇಕು. ಎರಡು ಕಾರಿನ ಗ್ಯಾರೇಜಿನ ಅರ್ಧದಷ್ಟು ನೆಲ! ಒಳಗೆ ಕಬ್ಬಿಣದ ಸರಳಿಲ್ಲದ, ತೆಳ್ಳಗಿನ, ಕೋಣೆಯ ಪಕ್ಕದಲ್ಲೇ ಕಂಟ್ರೋಲ್ ಜಾಯಿಂಟ್ (ಬಿರುಕು ಎಲ್ಲೆಂದರಲ್ಲಿ ಬಿಡದಿರಲೆಂದು ಕಾಂಕ್ರೀಟಿನಲ್ಲಿ ಮೊದಲೇ ಕೊಯ್ದ ಗೆರೆ) ಹಾದುಹೋಗಿರುವ ಸ್ಲ್ಯಾಬು ಒಟ್ಟಾಗಿ ನಿಲ್ಲುವುದಿಲ್ಲ, ಗೆರೆ ಇದ್ದಲ್ಲಿ ಮುರಿದು ಕೋಣೆಯ ಜೊತೆಗೇ ಏಳುತ್ತದೆ. ಇದು ಒರಟು ಲೆಕ್ಕ. ನಿಜವಾದ ಲೆಕ್ಕವನ್ನು ನಿಮ್ಮ ಸ್ಲ್ಯಾಬಿಗೆ, ನಿಮ್ಮ ಮಾದರಿಗೆ ಹೊಂದಿಸಿ ಎಂಜಿನಿಯರ್ ಮಾಡಬೇಕು. ಆದ್ದರಿಂದ ಹಾಕುವವರಿಗೆ ನಿಮ್ಮ ಮೊದಲ ಪ್ರಶ್ನೆ: "ನನ್ನ ಸ್ಲ್ಯಾಬ್ ಎಷ್ಟು ದಪ್ಪ ಇದೆ, ಒಳಗೆ ಸರಳಿದೆಯೇ, ಹೇಗೆ ಗೊತ್ತಾಯಿತು?" ಸಣ್ಣ ತೂತು ಕೊರೆದು ನೋಡಿ, ಸ್ಕ್ಯಾನ್ ಮಾಡಿ ಹೇಳುವವರು ಬೇಕು. "ಎಲ್ಲರ ಮನೆಯಲ್ಲೂ ಹೀಗೇ ಹಾಕಿದ್ದೇವೆ" ಎಂಬುದು ಉತ್ತರವಲ್ಲ.

ಸ್ಲ್ಯಾಬಿನ ಬಗ್ಗೆ ಇನ್ನೊಂದು ಮಾತು. ಇದು ಡಲ್ಲಾಸ್, ಪ್ಲೇನೊ, ಫ್ರಿಸ್ಕೊ ಕಡೆಯ ಕನ್ನಡಿಗರಿಗೆ ಇನ್ನೂ ಹೆಚ್ಚು ಬೇಕಾದದ್ದು. ಅಲ್ಲಿಯ ಹೊಸ ಮನೆಗಳಲ್ಲಿ ಪೋಸ್ಟ್-ಟೆನ್ಶನ್ ಸ್ಲ್ಯಾಬ್ ಬಹಳ, ನಿಮ್ಮ ಕಡೆಯೂ ಇರಬಹುದು. ಕಾಂಕ್ರೀಟಿನೊಳಗೆ ಉಕ್ಕಿನ ಹಗ್ಗಗಳನ್ನು ಟನ್ನುಗಟ್ಟಲೆ ಬಲದಲ್ಲಿ ಎಳೆದು ಬಿಗಿದಿರುತ್ತಾರೆ. ಡ್ರಿಲ್ ಅಥವಾ ಗರಗಸ ಅಂಥ ಹಗ್ಗಕ್ಕೆ ತಾಗಿದರೆ ಅದು ಸಿಡಿದು ಆಳಿಗೆ ಪೆಟ್ಟಾಗಬಹುದು, ಮನೆಯ ಬುನಾದಿಯೂ ಕೆಡುತ್ತದೆ. ಇಂಥ ಮನೆಗಳಲ್ಲಿ "ಕತ್ತರಿಸಬೇಡಿ, ಕೊರೆಯಬೇಡಿ" ಎಂಬ ಮುದ್ರೆ ಸಾಮಾನ್ಯವಾಗಿ ಗ್ಯಾರೇಜಿನ ನೆಲದ ಮೇಲೆ ಇರುತ್ತದೆ, ಹುಡುಕಿ ನೋಡಿ. ಇದ್ದರೆ ನೆಲ ಕೊರೆದು ಪೆಟ್ಟಿಗೆ ಇಳಿಸುವ ಮಾತು ಅಲ್ಲಿಗೇ ಮುಗಿಯಿತು. ಮೇಲಿನ ಕೋಣೆಯ ಬೋಲ್ಟುಗಳಿಗೂ ಹಗ್ಗ ಎಲ್ಲೆಲ್ಲಿ ಹೋಗಿದೆ ಎಂದು ಗುರುತು ಹಾಕಿಕೊಂಡೇ ತೂತು ತೆಗೆಯಬೇಕು.

ಸ್ಲ್ಯಾಬಿನ ನಂತರ ಬಾಗಿಲು. ಗೋಡೆ ತೂತಾಗುವುದಕ್ಕಿಂತ ಬಾಗಿಲು ಕಿತ್ತುಬರುವುದೇ ಹೆಚ್ಚು ಅಪಾಯ. ಬಾಗಿಲು, ಚೌಕಟ್ಟು, ಕೀಲು, ಅಗುಳಿ ಇಷ್ಟನ್ನೂ ಒಂದೇ ಜೋಡಣೆಯಾಗಿ ಪರೀಕ್ಷಿಸಿರಬೇಕು. ಒಳ್ಳೆಯ ಬಾಗಿಲಿಗೆ ಅಂಗಡಿಯಲ್ಲಿ ಸಿಕ್ಕ ಬೇರೆ ಚಿಲಕ ಹಾಕಿದರೆ ಪರೀಕ್ಷೆಗೆ ಅರ್ಥವೇ ಉಳಿಯುವುದಿಲ್ಲ. ಸಾಮಾನ್ಯವಾಗಿ ಮೂರು ಕಡೆ ಕಚ್ಚುವ ಅಗುಳಿ ಇರುತ್ತದೆ. ಒಳಕ್ಕೆ ತೆರೆಯುವ ಇಲ್ಲವೇ ಪಕ್ಕಕ್ಕೆ ಸರಿಯುವ ಬಾಗಿಲಾದರೆ ಒಳ್ಳೆಯದು, ಹೊರಗೆ ಅವಶೇಷ ಬಿದ್ದಿದ್ದರೂ ತೆಗೆಯಲಾದೀತು. ನಿಮ್ಮ ಅಮ್ಮನಿಗಾಗಿ ಹೊಸ್ತಿಲು ಎಷ್ಟು ಎತ್ತರ ಎಂದು ಅಳೆದು ನೋಡಿ, ಕೆಲವು ಮಾದರಿಗಳಲ್ಲಿ ಎಡವುವಷ್ಟಿರುತ್ತದೆ. ಮುಂದೆಂದಾದರೂ ಗಾಲಿಕುರ್ಚಿ ಬರಬಹುದು ಅನ್ನಿಸಿದರೆ ಬಾಗಿಲು ತೆರೆದಾಗ 32 ಇಂಚು ಅಗಲ ಸಿಗಬೇಕು.

ಎಲ್ಲಿ ಇಡಬೇಕು? ಕ್ಲಾಸೆಟ್ ನನ್ನ ಮೊದಲ ಆಯ್ಕೆ, ಏಕೆಂದರೆ ರಾತ್ರಿಯ ಸುಂಟರಗಾಳಿಯಲ್ಲಿ ಹಾಸಿಗೆಯಿಂದ ಎದ್ದು ನಾಲ್ಕು ಹೆಜ್ಜೆ ಇಡುವುದಕ್ಕೂ ಇಡೀ ಮನೆ ದಾಟಿ ಹೋಗುವುದಕ್ಕೂ ಬಹಳ ವ್ಯತ್ಯಾಸವಿದೆ. ಉಕ್ಕಿನ ಹಲಗೆಗಳನ್ನು ಬಿಡಿಬಿಡಿಯಾಗಿ ಬಾಗಿಲಿನಿಂದ ಒಳಗೆ ತಂದು ಅಲ್ಲೇ ಬೋಲ್ಟ್ ಹಾಕಿ ಜೋಡಿಸುವ ಮಾದರಿಗಳಿವೆ. ಅದರ ಕೆಳಗಿನ ಕಾರ್ಪೆಟ್, ಟೈಲ್ಸ್ ತೆಗೆಯಲೇಬೇಕು, ಉಕ್ಕು ಬರಿಯ ಕಾಂಕ್ರೀಟಿನ ಮೇಲೆ ಕೂರಬೇಕು. ಕೋಣೆಯನ್ನು ಮನೆಯ ಗೋಡೆಗಾಗಲಿ ಚಾವಣಿಗಾಗಲಿ ಬಿಗಿಯಬಾರದು. ಮನೆ ಹಾರಿಹೋಗುವಾಗ ಕೋಣೆಯನ್ನು ಎಳೆದುಕೊಂಡು ಹೋಗಬಾರದು, ಅದಕ್ಕೆ. ಕ್ಲಾಸೆಟ್ ಸಾಲದಿದ್ದರೆ ಗ್ಯಾರೇಜ್ ಆದೀತು, ಆದರೆ ಗ್ಯಾರೇಜಿನ ದೊಡ್ಡ ಬಾಗಿಲು ಮನೆಯಲ್ಲೇ ದುರ್ಬಲ ಜಾಗ ಎಂಬುದು ನೆನಪಿರಲಿ. ಅದು ಒಳಕ್ಕೆ ಬಾಗಿದ ಕೂಡಲೇ ಗಾಳಿ ನುಗ್ಗಿ ಚಾವಣಿಯನ್ನು ಎಬ್ಬಿಸುತ್ತದೆ. ಮೂರ್ ನಗರ 2014ರಲ್ಲಿ ಹೊಸ ಮನೆಗಳಿಗೆ 135 ಮೈಲಿ ಗಾಳಿ ತಡೆಯುವ ನಿಯಮ ತಂದಾಗ ಗ್ಯಾರೇಜ್ ಬಾಗಿಲನ್ನೂ ಅದರಲ್ಲಿ ಸೇರಿಸಿದ್ದು ಇದಕ್ಕೇ. ಹಾಗಾಗಿ ಗ್ಯಾರೇಜಿನಲ್ಲಿ ಇಟ್ಟರೂ ಎಚ್ಚರಿಕೆ ಬಂದ ಕೂಡಲೇ ಒಳಗೆ ಹೋಗಿ, ಗಾಳಿ ಶುರುವಾಗಲಿ ಎಂದು ಕಾಯಬೇಡಿ.

ಅಳತೆಯ ವಿಷಯದಲ್ಲಿ ಮಾನದಂಡ ಹೇಳುವುದು ತಲೆಗೆ ಕನಿಷ್ಠ 3 ಚದರಡಿ. ನೀವು ಇಬ್ಬರು, ಮಗಳು, ಕೂಸು, ಅಮ್ಮ, ಜೊತೆಗೆ ಯಾರಾದರೂ ಅತಿಥಿ ಎಂದರೆ 18 ಚದರಡಿ ಆಯಿತು. ಅದು ನಿಂತುಕೊಂಡು ಒತ್ತಿಕೊಳ್ಳುವ ಲೆಕ್ಕ. ಅಮ್ಮನಿಗೆ ಒಂದು ಕುರ್ಚಿ, ನಿಮಗೆ ಕೂಸಿನೊಂದಿಗೆ ಒರಗಲು ಜಾಗ ಬೇಕಾದರೆ ನಾಲ್ಕಡಿ ಅಗಲ, ಎಂಟಡಿ ಉದ್ದದ್ದು ತೆಗೆದುಕೊಳ್ಳಿ. ಈ ಗಾತ್ರದ ಉಕ್ಕಿನ ಕೋಣೆಗೆ ಕೆಲಸವೂ ಸೇರಿ ಕೆಲವು ಸಾವಿರ ಡಾಲರ್‌ನಿಂದ ಹತ್ತು ಸಾವಿರದ ಹತ್ತಿರದವರೆಗೆ ಹೇಳುತ್ತಾರೆ. ಮೂರು ಕಡೆ ಲಿಖಿತ ದರ ತರಿಸಿ. ಒಕ್ಲಹೋಮ ರಾಜ್ಯದಲ್ಲಿ ಸೂನರ್‌ಸೇಫ್ ಎಂಬ ಸಹಾಯಧನ ಯೋಜನೆಯಿದೆ, ಹೆಸರು ನೋಂದಾಯಿಸಿದವರಲ್ಲಿ ಲಾಟರಿ ಎತ್ತುತ್ತಾರೆ. ಆಯ್ಕೆಯಾಗಿ ಒಪ್ಪಿಗೆ ಸಿಗುವ ಮೊದಲೇ ಕೆಲಸ ಮಾಡಿಸಿದರೆ ಹಣ ಬರುವುದಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಲಾಟರಿಗೆ ಕಾಯುತ್ತಿರಲಿಲ್ಲ. ಹೆರಿಗೆ ಮೇ ತಿಂಗಳಲ್ಲಿ, ಸುಂಟರಗಾಳಿಗಳು ಹೆಚ್ಚು ಬರುವುದೂ ಆಗಲೇ.

ಒಂದು ಎಚ್ಚರಿಕೆ. "ಫೀಮಾ ಅನುಮೋದಿತ" ಎಂದು ಯಾರಾದರೂ ಹೇಳಿದರೆ ಅಲ್ಲೇ ಅನುಮಾನಪಡಿ. ಫೀಮಾ ಯಾವ ಕಂಪನಿಯ ಕೋಣೆಯನ್ನೂ ಅನುಮೋದಿಸುವುದಿಲ್ಲ, ಪ್ರಮಾಣಪತ್ರ ಕೊಡುವುದಿಲ್ಲ, ಮಾರ್ಗಸೂಚಿ ಮಾತ್ರ ಹೊರಡಿಸುತ್ತದೆ. ಸರಿಯಾದ ಮಾತು "ಫೀಮಾ ಪಿ-361 ಮತ್ತು ಐಸಿಸಿ 500ಕ್ಕೆ ತಕ್ಕಂತೆ ವಿನ್ಯಾಸ ಮಾಡಿದ್ದು" ಎಂದಿರಬೇಕು (ಪಿ-361 ಎಂಬುದು ಸೇಫ್ ರೂಮ್ ವಿನ್ಯಾಸಕ್ಕೆ ಫೀಮಾ ಹೊರಡಿಸಿದ ವಿವರವಾದ ಮಾರ್ಗಸೂಚಿ), ಅದಕ್ಕೆ ಎಂಜಿನಿಯರ್ ಸಹಿಯಿರುವ ನಕ್ಷೆ, ಬಾಗಿಲಿನ ಸಮೇತ ಪರೀಕ್ಷಾ ವರದಿ, ಬೋಲ್ಟುಗಳ ವಿವರ ಕೊಡಬೇಕು. ರಾಷ್ಟ್ರೀಯ ಸ್ಟಾರ್ಮ್ ಶೆಲ್ಟರ್ ಸಂಘದ ಸದಸ್ಯರೇ ಎಂದೂ ಕೇಳಿ. ನಗರಸಭೆಯ ಪರ್ಮಿಟ್ ತೆಗೆಸಿ, ಇನ್‌ಸ್ಪೆಕ್ಟರ್ ಬಂದು ಬೋಲ್ಟ್ ನೋಡುವವರೆಗೆ ಕೊನೆಯ ಕಂತು ಕೊಡಬೇಡಿ.

ಅನೇಕರು ಕೇಳುವ ಇನ್ನೊಂದು ಪ್ರಶ್ನೆ, ಇದನ್ನೇ ದೇವರ ಮನೆ ಮಾಡಿಕೊಳ್ಳಬಹುದೇ ಎಂದು. ದೇವರ ಪಟ ಇಡುವುದಕ್ಕೆ ಅಡ್ಡಿಯಿಲ್ಲ, ಆದರೆ ಗೋಡೆಗೆ ತೂತು ಕೊರೆದು ಮೊಳೆ, ಶೆಲ್ಫ್ ಹಾಕಬಾರದು, ಮುಚ್ಚಿದ ಉಕ್ಕಿನ ಕೋಣೆಯಲ್ಲಿ ದೀಪ ಹಚ್ಚಬಾರದು. ಗಾಳಿ ಹೊಡೆದ ಮೇಲಂತೂ ಕಡ್ಡಿ ಗೀರಲೇಬಾರದು, ಹೊರಗೆ ಗ್ಯಾಸ್ ಪೈಪು ಒಡೆದಿರಬಹುದು. ಗಾಳಿಯಾಡುವ ಕಿಂಡಿಗಳಿಗೆ ಏನನ್ನೂ ಒತ್ತಿ ಇಡಬೇಡಿ. ಅಕ್ಕಿ ಚೀಲ, ಸೂಟ್‌ಕೇಸುಗಳು ಮೆಲ್ಲಗೆ ಬಂದು ಸೇರಿಕೊಳ್ಳುತ್ತವೆ, ಸೇರಲು ಬಿಡಬೇಡಿ. ಒಳಗೆ ಇರಬೇಕಾದದ್ದು: ಬ್ಯಾಟರಿ ದೀಪ, ನೀರು, ಅಮ್ಮನ ಮಾತ್ರೆ, ಕೂಸಿನ ಸಾಮಾನು, ಎಲ್ಲರಿಗೂ (ಚಪ್ಪಲಿಯಲ್ಲ) ಗಟ್ಟಿ ಬೂಟು, ಸೈಕಲ್ ಹೆಲ್ಮೆಟ್, ಒಂದು ಸೀಟಿ, ಬಾಗಿಲು ಸಿಕ್ಕಿಕೊಂಡರೆ ಮೀಟಲು ಕಬ್ಬಿಣದ ಹಾರೆ. ಉಕ್ಕಿನೊಳಗೆ ಫೋನ್ ಸಿಗ್ನಲ್ ಸಿಗದಿರಬಹುದು, ಬಾಗಿಲು ಹಾಕುವ ಮೊದಲೇ ಯಾರಿಗಾದರೂ "ಒಳಗಿದ್ದೇವೆ" ಎಂದು ಸಂದೇಶ ಕಳಿಸಿ. ನಗರದ ಸ್ಟಾರ್ಮ್ ಶೆಲ್ಟರ್ ಪಟ್ಟಿಯಲ್ಲಿ ನಿಮ್ಮ ಕೋಣೆ ಮನೆಯ ಯಾವ ಭಾಗದಲ್ಲಿದೆ ಎಂದು ನೋಂದಾಯಿಸಿ. ಮನೆ ಕುಸಿದಿದ್ದರೆ ರಕ್ಷಣಾ ಸಿಬ್ಬಂದಿ ಆ ಪಟ್ಟಿ ಹಿಡಿದೇ ಹುಡುಕುತ್ತಾರೆ.

ಕೊನೆಯದಾಗಿ ಎಚ್ಚರಿಕೆ ನಿಮಗೆ ತಲುಪುವ ದಾರಿ. ಸೈರನ್ ಇರುವುದು ಮನೆಯ ಹೊರಗಿರುವವರಿಗೆ, ನಿದ್ದೆಯಲ್ಲಿ ಕೇಳಿಸುತ್ತದೆಂಬ ಭರವಸೆ ಬೇಡ. ಬ್ಯಾಟರಿಯ ಹವಾಮಾನ ರೇಡಿಯೊ ಒಂದನ್ನು ಮಲಗುವ ಕೋಣೆಯಲ್ಲಿ ಇಟ್ಟು ನಿಮ್ಮ ಕೌಂಟಿಯ ಸಂಕೇತ ಹಾಕಿ. ಫೋನಿನ ತುರ್ತು ಸಂದೇಶಗಳನ್ನು ಆಫ್ ಮಾಡಿದ್ದರೆ ಆನ್ ಮಾಡಿ. "ವಾಚ್" ಎಂದರೆ ಬರಬಹುದು, ಸಿದ್ಧರಾಗಿರಿ ಎಂದು. "ವಾರ್ನಿಂಗ್" ಎಂದರೆ ಬಂದಿದೆ ಅಥವಾ ರೇಡಾರ್‌ನಲ್ಲಿ ಕಾಣಿಸಿದೆ, ಒಳಗೆ ಹೋಗಿ ಎಂದು. ಈ ಎರಡು ಮಾತನ್ನು ಅಮ್ಮನಿಗೆ ಕನ್ನಡದಲ್ಲಿ ಬಿಡಿಸಿ ಹೇಳಿ, ನೀವಿಬ್ಬರೂ ಆಸ್ಪತ್ರೆಯಲ್ಲಿದ್ದು ಅವರು ಮೊಮ್ಮಗಳ ಜೊತೆ ಒಬ್ಬರೇ ಮನೆಯಲ್ಲಿರುವ ದಿನ ಬರುತ್ತದೆ. ಕಿಟಕಿ ತೆರೆದಿಟ್ಟರೆ ಒತ್ತಡ ಸಮವಾಗಿ ಮನೆ ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಒಕ್ಲಹೋಮ ಸಿಟಿಯಲ್ಲಿ ಶನಿವಾರ ಮಧ್ಯಾಹ್ನ 12ಕ್ಕೆ ಸೈರನ್ ಪರೀಕ್ಷೆ ಮಾಡುತ್ತಾರೆ, ಗಾಬರಿಯಾಗದಂತೆ ಅಮ್ಮನಿಗೆ ಮೊದಲೇ ತಿಳಿಸಿ. ಅವರು ಬಂದ ಮೊದಲ ಶನಿವಾರ ಅದೇ ಸದ್ದಿಗೆ ಎಲ್ಲರೂ ಎದ್ದು, ಸೇಫ್ ರೂಮಿಗೆ ಹೋಗಿ, ಅಮ್ಮನ ಕೈಯಲ್ಲೇ ಅಗುಳಿ ಹಾಕಿಸಿ, ತೆಗೆಸಿ ನೋಡಿ. ಎರಡು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ದಾರಿಯಲ್ಲಿ ಅಡ್ಡವಿರುವುದನ್ನೆಲ್ಲ ಅಂದೇ ತೆರವು ಮಾಡಿ, ಮುಂದಿನ ಶನಿವಾರ ಮತ್ತೆ ಮಾಡಿ.